ಕೇಕ್ ಸಿಗದ ಹೆಂಗಸು

ಕೊನೆಯ ಎಪಿಸೋಡಿನಲ್ಲಿ ಮ್ಯಾನೇಜರನಿಗೆ ಫೇರ್‌ವೆಲ್ ಪಾರ್ಟಿ. ಆಫೀಸಿನ ನಡುವೆ ಒಂದು ಮೇಜು, ಅದರ ಮೇಲೆ ಬಸ್ಸಿನ ಆಕಾರದ ಕೇಕ್. ಮೊದಲ ಎಪಿಸೋಡಿನಿಂದ ಒಂದು ಕೆಲಸವನ್ನೂ ನೆಟ್ಟಗೆ ಮಾಡದ ಆ ಮನುಷ್ಯ ಭಾಷಣಕ್ಕೆ ನಿಲ್ಲುತ್ತಾನೆ, ಅರ್ಧದಲ್ಲಿ ಮರೆತು ಹೋಗುತ್ತಾನೆ, ಎಲ್ಲರೂ ನಗುತ್ತಾರೆ, ನಗುನಗುತ್ತಲೇ ಅಳುತ್ತಾರೆ. ಕೇಕ್ ಕತ್ತರಿಸುವವಳು ಕಂದು ಕಾರ್ಡಿಗನ್ನಿನ ಹೆಂಗಸು. ಕತ್ತರಿಸಿ ಕತ್ತರಿಸಿ ಪ್ಲೇಟಿಗೆ ಹಾಕಿ ಎಲ್ಲರ ಕೈಗೂ ಕೊಡುತ್ತಾಳೆ. ಕೇಕ್ ಮುಗಿಯುತ್ತದೆ. ಆಮೇಲೆ ಚಾಕು ಒರೆಸಿ ಡ್ರಾಯರಿನೊಳಗಿಟ್ಟು, ಕೋಟು ಹಾಕಿಕೊಂಡು ಲೈಟ್ ಆರಿಸುತ್ತಾಳೆ. ಹಿಂದಿನಿಂದ ರೆಕಾರ್ಡ್ ಮಾಡಿಟ್ಟ ನಗು. ಖಲಾಸ್.

"ಅವಳಿಗೆ ಎಲ್ಲಿ?" ಎಂದೆ.

"ಎಂತ ಆಂಟಿ?"

"ಕೇಕ್ ಮಾರಾಯ್ತಿ! ಅವಳಿಗೆ ಕೇಕ್ ಎಲ್ಲಿ?"

ಪಕ್ಕದಲ್ಲಿ ಕಾಲು ಮಡಚಿ ಕೂತಿದ್ದ ಹುಡುಗಿ ನನ್ನ ಮುಖ ನೋಡಿ ರಿಮೋಟ್ ಕೆಳಗಿಟ್ಟಳು. ಟೀವಿಯಲ್ಲಿ ಕಂಡ, ನಿಜಕ್ಕೂ ಇಲ್ಲದ ಒಬ್ಬ ಹೆಂಗಸಿಗಾಗಿ ಈ ವಯಸ್ಸಿನಲ್ಲಿ ನನಗೆ ಇಂಥ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಈ ಹುಡುಗಿ ನಮ್ಮವಳಲ್ಲ, ಆದರೆ ಈಗ ನಮ್ಮವಳೇ. ಕಾರ್ಕಳದ ಕಡೆಯವಳು, ಮನೆಯಲ್ಲಿ ತುಳು, ನಮ್ಮದು ಮಂಗಳೂರಿನ ಕೊಂಕಣಿ. ನಾನು ಮಗಳ ವೀಸಾದಲ್ಲಿ ಇಲ್ಲಿ ದೋಹಾದ ಅಲ್ ಮನ್ಸೂರಾದಲ್ಲಿ ಇರುವವಳು. ಮಗಳು ನರ್ಸ್, ಡ್ಯೂಟಿ ಯಾವಾಗ ಉಂಟು ಯಾವಾಗ ಇಲ್ಲ ಅವಳಿಗೇ ಗೊತ್ತಿಲ್ಲ. ನಾನೊಬ್ಬಳೇ ಇರಬಾರದೆಂದು ಫ್ಲ್ಯಾಟಿನ ಸಣ್ಣ ರೂಮನ್ನು ಈ ಹುಡುಗಿಗೆ ಬಾಡಿಗೆಗೆ ಕೊಟ್ಟಳು. ಹುಡುಗಿಗೆ ಒಂದು ಕಾಂಟ್ರ್ಯಾಕ್ಟಿಂಗ್ ಕಂಪನಿಯಲ್ಲಿ ಆಫೀಸ್ ಕೆಲಸ. ಕಂಪನಿಯ ಕೆಲಸಗಾರರು ರಾಸ್ ಲಫಾನಿನ ಗ್ಯಾಸ್ ಪ್ಲಾಂಟುಗಳಿಗೆ ಹೋಗುವವರು. ಅವರ ಪೇಪರುಗಳನ್ನೆಲ್ಲ ಸರಿಯಾಗಿಡುವುದು ಇವಳು. ಇಲ್ಲಿ ರಜೆ ಶುಕ್ರವಾರ, ಶನಿವಾರ. ವಾರದ ಕೆಲಸ ಗುರುವಾರಕ್ಕೆ ಮುಗಿದರೆ ನಾವಿಬ್ಬರೂ ಸೋಫಾದಲ್ಲಿ ಕೂತು ಈ ಹಳೆಯ ಇಂಗ್ಲಿಷ್ ಸೀರಿಯಲ್ ನೋಡುವುದು. ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ಬಸ್ ಡಿಪೋ, ಅದರ ಆಫೀಸು, ಅಲ್ಲಿನ ಹುಚ್ಚಾಟಗಳು. ಹುಡುಕಿ ಹಾಕಿದವಳು ಅವಳೇ. ಆದರೆ ನೋಡಬೇಕೆಂದು ಕೇಳಿದವಳು ನಾನು. ಅದಕ್ಕೆ ಕಾರಣ ಉಂಟು.

ನಾನು ಇದೇ ಊರಿನಲ್ಲಿ ಸೆಕ್ರೆಟರಿಯಾಗಿದ್ದವಳು. ಸಮುದ್ರ ಬದಿಯ ಕಾರ್ನಿಷ್ ರಸ್ತೆಯ ಉದ್ದಕ್ಕೆ ಈಗ ಕತ್ತೆತ್ತಿ ನೋಡಬೇಕಾದ ಬಿಲ್ಡಿಂಗುಗಳು ಆಗ ಇರಲಿಲ್ಲ. ಸಮುದ್ರ ಇತ್ತು, ಧೂಳಿತ್ತು, ನಮ್ಮ ಯೌವನ ಇತ್ತು. ನನ್ನ ಬಾಸ್ ಇಂಗ್ಲೆಂಡಿನವ. ಕೆಟ್ಟವನಲ್ಲ. ಕ್ರಿಸ್ಮಸ್ಸಿಗೆ ಚಾಕೊಲೇಟ್ ಟಿನ್ ಕೊಡುತ್ತಿದ್ದ, ಗಟ್ಟಿ ಮಾತಾಡಿದವನಲ್ಲ. ಆಫೀಸಿಗೆ ಯಾರಾದರೂ ಗೆಸ್ಟ್ ಬಂದರೆ ನನ್ನ ಮೇಜಿನ ಹತ್ತಿರ ನಿಂತು, ಈ ಕಂದು ಕಾರ್ಡಿಗನ್ನಿನ ಹೆಂಗಸಿನ ಹೆಸರು ಹೇಳಿ, "ನಮ್ಮ ಆಫೀಸಿನ ಇವಳು" ಎಂದು ಪರಿಚಯ ಮಾಡಿಸುತ್ತಿದ್ದ. ಗೆಸ್ಟ್‌ಗಳು ಹೋ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸೀರಿಯಲ್ ನಾನು ನೋಡಿರಲಿಲ್ಲ, ಕೇಳಿದ್ದಕ್ಕೆ, "ಶೀ ಈಸ್ ದಿ ಓನ್ಲಿ ಸೆನ್ಸಿಬಲ್ ಪರ್ಸನ್ ಇನ್ ದ ಹೋಲ್ ಪ್ಲೇಸ್" ಎಂದಿದ್ದ. ಅಷ್ಟು ಸಾಕಾಯಿತು ನನಗೆ. ಹೀರೋಯಿನ್ ಇರಬೇಕು ಎಂದುಕೊಂಡೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಚರ್ಚಿನ ಗೆಳೆಯರಿಗೆಲ್ಲ ಹೇಳಿದರು. ಮಂಗಳೂರಿಗೆ ಬರೆದ ಕಾಗದದಲ್ಲೂ ಆ ಕಾಂಪ್ಲಿಮೆಂಟ್ ಹೋಯಿತು. ಎಷ್ಟು ವರ್ಷ ಅದನ್ನು ಮೆಡಲಿನ ಹಾಗೆ ಎದೆಗೆ ಸಿಕ್ಕಿಸಿಕೊಂಡು ತಿರುಗಿದೆ!

ಈಗ ನೋಡಿದೆನಲ್ಲ. ಆ ಹೆಂಗಸು ಪ್ರತಿ ಎಪಿಸೋಡಿನಲ್ಲೂ ಸ್ವಲ್ಪ ಹೊತ್ತು ಬರುತ್ತಾಳೆ. ಬರುವಾಗ ಕೈಯಲ್ಲಿ ಫೈಲು. "ಚರ್ಚಿನಲ್ಲಿ ಹಾಡುವವರ ಬಸ್ಸು ನಾಳೆಯಲ್ಲ, ಇವತ್ತು" ಎನ್ನುತ್ತಾಳೆ. ಯಾರೂ ಕೇಳುವುದಿಲ್ಲ, ಅದೇ ಜೋಕ್. ಬಸ್ಸು ಬೇರೆ ಊರಿಗೆ ಹೋಗಿ ಎಲ್ಲ ಗೋಟಾಳೆಯಾದ ಮೇಲೆ ನೋಡಿದರೆ ಅವಳು ಟ್ಯಾಕ್ಸಿಗಳಿಗೆ ಫೋನ್ ಮಾಡಿ ಆಗಿರುತ್ತದೆ. ಮ್ಯಾನೇಜರ್ ಬಚಾವ್. ಮುಂದಿನ ವಾರ ಪುನಃ ಅದೇ ಹಾಡು. ಸೋಂಬೇರಿ ಕ್ಲರ್ಕಿಗೆ ಒಬ್ಬ ಅಮ್ಮ ಉಂಟು, ಇನ್ಸ್‌ಪೆಕ್ಟರಿಗೆ ಲವ್ ಉಂಟು, ಮ್ಯಾನೇಜರಿಗೆ ಬೆಕ್ಕು ಸಹ ಉಂಟು. ಇವಳಿಗೆ? ಒಂದು ದಿನ, ಒಂದೇ ಒಂದು ದಿನ, ಅವಳ ಮನೆ ತೋರಿಸಲಿಲ್ಲ. ಕಾರ್ಡಿಗನ್ ತೆಗೆದು ಎಲ್ಲಿ ನೇತು ಹಾಕುತ್ತಾಳೆ, ಯಾರಿಗೆ ಅಡುಗೆ ಮಾಡುತ್ತಾಳೆ, ಒಬ್ಬಳೇ ಕೂತು ಯಾರಿಗಾದರೂ ಬಯ್ಯುತ್ತಾಳಾ, ಆ ಬರೆದವರಿಗೆ ಬೇಕಾಗಿರಲಿಲ್ಲ. ಉಳಿದವರು ಹುಚ್ಚರಾಗಿ ಚಂದ ಕಾಣಬೇಕಾದರೆ ಒಬ್ಬಳು ನೆಟ್ಟಗೆ ನಿಲ್ಲಬೇಕಲ್ಲ, ಅಷ್ಟಕ್ಕೆ ಅವಳು. ಮೇಜಿಗೆ ಕಾಲು ಇದ್ದ ಹಾಗೆ.

ನನ್ನ ಬಾಸ್ ಇದನ್ನೆಲ್ಲ ನೋಡಿ, ತಿಳಿದು, ನನಗೆ ಆ ಹೆಸರಿಟ್ಟಿದ್ದ. ಅಡ್ಮಿನ್ ಮ್ಯಾನೇಜರ್ ಪೋಸ್ಟ್ ಖಾಲಿಯಾದಾಗ ನಾನು ಕೇಳಿದ್ದೆ. ಬಾಯಿಬಿಟ್ಟು ಕೇಳಿದ್ದೆ, ಅದು ನನಗೆ ಸುಲಭದ ಕೆಲಸವಾಗಿರಲಿಲ್ಲ. ಅವನು ನಗುತ್ತಾ, ನೀನು ಆ ಮೇಜು ಬಿಟ್ಟು ಎದ್ದರೆ ನನ್ನ ಗತಿ ಏನು ಎಂದ. ಪೋಸ್ಟ್ ಹೊರಗಿನಿಂದ ಬಂದ ಒಬ್ಬ ಗಂಡಸಿಗೆ ಹೋಯಿತು. ಆ ಗಂಡಸಿಗೆ ಕಾಫಿ ಎಲ್ಲಿ ಸಿಗುತ್ತದೆ ಎಂದು ತೋರಿಸಿದವಳೂ ನಾನೇ. ಇಷ್ಟು ಕಾಲ ಅದನ್ನು ಹೊಗಳಿಕೆ ಎಂದೇ ನೆನಪಿನಲ್ಲಿ ಇಟ್ಟುಕೊಂಡಿದ್ದೆ. ಗುರುವಾರ ಸಂಜೆ, ಸೋಫಾದಲ್ಲಿ ಕೂತು, ಅದು ಹೊಗಳಿಕೆಯಾಗಿರಲಿಲ್ಲ ಎಂದು ಗೊತ್ತಾಯಿತು. ಆ ಮನುಷ್ಯ ತೀರಿಕೊಂಡು ಎಷ್ಟೋ ಕಾಲವಾಯಿತು. ಯಾರನ್ನು ಹೋಗಿ ಬಯ್ಯಲಿ?

ಕಾನ್ವೆಂಟಿನಲ್ಲೂ ಹೀಗೆಯೇ. ಸಿಸ್ಟರ್ಸ್ ನನ್ನನ್ನು "ಸೆನ್ಸಿಬಲ್ ಗರ್ಲ್" ಎನ್ನುತ್ತಿದ್ದರು. ಸ್ಕೂಲ್ ಡೇ ನಾಟಕಕ್ಕೆ ಎಲ್ಲರ ಪಾರ್ಟೂ ಬಾಯಿಪಾಠ ಬರುತ್ತಿದ್ದದ್ದು ನನಗೊಬ್ಬಳಿಗೆ. ಅದಕ್ಕಾಗಿಯೇ ಸ್ಟೇಜಿನ ಮೇಲೆ ಪಾರ್ಟ್ ಸಿಕ್ಕಲಿಲ್ಲ. ಪ್ರಾಂಪ್ಟರ್ ಮಾಡಿದರು. ಕರ್ಟನಿನ ಹಿಂದೆ, ಆ ಮುಗ್ಗಲು ವಾಸನೆಯಲ್ಲಿ ನಿಂತು, ರಾಣಿ ಮರೆತಾಗ ರಾಣಿಯ ಮಾತನ್ನು ಪಿಸುಗುಟ್ಟಬೇಕು. ರಾಣಿ ಗಟ್ಟಿಯಾಗಿ ಹೇಳುತ್ತಾಳೆ, ಚಪ್ಪಾಳೆ ಬೀಳುತ್ತದೆ. ನಮ್ಮ ಅಪ್ಪ ನಾಟಕ ನೋಡಲಿಕ್ಕೆ ಬಂದವರು ಕೊನೆಯವರೆಗೆ ನಾನು ಬರುತ್ತೇನೆಂದು ಕಾದು ಕೂತಿದ್ದರಂತೆ. ಪಾಪ, ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದರು.

ಇರಲಿ. ಹಳೆಯ ಸಿಟ್ಟಿನ ಮಾತಾಯಿತು. ಹೊಸ ಸಿಟ್ಟು ಬೇರೆ ಇತ್ತು.

ನಮ್ಮ ಹುಡುಗಿಯ ಮ್ಯಾನೇಜರ್ ಮಂಗಳೂರಿನವ, ನಮ್ಮ ಚರ್ಚಿನವನೇ. ಅವನ ಗುರುತಿಲ್ಲದವರು ಇಲ್ಲಿ ನಮ್ಮವರಲ್ಲಿ ಯಾರೂ ಇಲ್ಲ. ಯಾಕೆಂದರೆ ಅವನು ಎಮ್‌ಸಿ. ಮದುವೆ ರಿಸೆಪ್ಶನ್ ಇರಲಿ, ನಮ್ಮ ಊರಿನವರ ಅಸೋಸಿಯೇಶನ್ ಡೇ ಇರಲಿ, ಮೈಕ್ ಅವನ ಕೈಯಲ್ಲಿ. ಕೊಂಕಣಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಹಾರಿ ತುಳುವಿನಲ್ಲಿ ಲ್ಯಾಂಡ್ ಆಗುತ್ತಾನೆ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಯಾರ ಸ್ವರ ಬೇಕಾದರೂ ಮಾಡಿ ತೋರಿಸುತ್ತಾನೆ. ನಾನೂ ನಕ್ಕವಳೇ. ಅವನನ್ನು ನಾನು ಮಾತಾಡಿಸುವುದೇ ಪುತಾ ಎಂದು, ಮಗನೇ ಎಂದ ಹಾಗೆ.

ಆ ತಿಂಗಳು ಅಸೋಸಿಯೇಶನ್ ಡೇ ಇತ್ತು. ಅವನು ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಸ್ಕ್ರಿಪ್ಟ್ ಪ್ರಾಕ್ಟೀಸ್ ಮಾಡುತ್ತಿದ್ದ. ಅದೇ ಸಮಯಕ್ಕೆ ಕೆಲಸಗಾರರ ಗೇಟ್ ಪಾಸ್ ಮುಗಿಯಲಿಕ್ಕೆ ಬಂದಿತ್ತು. ಪಾಸಿಲ್ಲದೆ ರಾಸ್ ಲಫಾನಿನ ಗೇಟಿನೊಳಗೆ ಒಂದು ನೊಣ ಸಹ ಹೋಗುವುದಿಲ್ಲ. ಹುಡುಗಿ ಪೇಪರೆಲ್ಲ ರೆಡಿ ಮಾಡಿ ಅವನ ಮೇಜಿನ ಮೇಲಿಟ್ಟಳು. ಅವನ ಸೈನ್ ಒಂದೇ ಬಾಕಿ. ಅವಳು ಹೇಳಿದಳು, ಪುನಃ ಹೇಳಿದಳು, ದಿನಾ ಹೇಳಿದಳು. "ಆಯ್ತು ಮಾರಾಯ್ತಿ, ಬುಕ್ರಾ" ಎಂದ. ನಾಳೆ ಎಂದರ್ಥ. ಇಲ್ಲಿಯ ಆಫೀಸುಗಳಲ್ಲಿ ಆ ನಾಳೆಗೆ ಕೊನೆ ಇಲ್ಲ.

ಒಂದು ಬೆಳಿಗ್ಗೆ ಬರ್ವಾ ಅಲ್ ಬರಾಹಾದ ಕೆಲಸಗಾರರ ಕ್ಯಾಂಪಿನಿಂದ ಹೊರಟ ಬಸ್ಸನ್ನು ಗೇಟಿನಲ್ಲಿ ತಡೆದರು. ಇಡೀ ಬಸ್ಸು. ಜನರೆಲ್ಲ ಇಳಿದು ರಸ್ತೆಯ ಬದಿಯಲ್ಲಿ, ಆ ಬಿಸಿಲಿನಲ್ಲಿ, ಮಧ್ಯಾಹ್ನದವರೆಗೆ ನಿಂತರು. ಒಬ್ಬರಿಗೆ ತಲೆ ತಿರುಗಿ ಬಿದ್ದದ್ದೂ ಆಯಿತು. ಪ್ಲಾಂಟಿನವರು ಕಂಪನಿಯನ್ನು ಕೇಳಿದರು. ಕಂಪನಿ ಮ್ಯಾನೇಜರನನ್ನು ಕೇಳಿತು. ಅವನು, "ಆಫೀಸಿನ ಹುಡುಗಿ ಮರೆತು ಬಿಟ್ಟಳು, ಹೊಸಬಳು" ಎಂದ.

ಹುಡುಗಿ ಹೊಸಬಳಲ್ಲ. ಮರೆತವಳೂ ಅಲ್ಲ. ಆದರೆ ಹೇಳಿದ್ದೆಲ್ಲ ಬಾಯಿಮಾತು. ದಿನಾ ಎದುರಿಗೆ ಸಿಗುವ ಮನುಷ್ಯನಿಗೆ, ಅದೂ ನಮ್ಮ ಊರಿನವನಿಗೆ, ಇಮೇಲ್ ಹಾಕಿದರೆ ಅವನ ಮೇಲೆ ನಂಬಿಕೆ ಇಲ್ಲದ ಹಾಗೆ ಕಾಣುತ್ತದಲ್ಲ ಎಂದು ಅವಳು ಬರೆಯಲಿಲ್ಲ. ಮಲಯಾಳಿ ಬಾಸ್ ಆಗಿದ್ದರೆ, ಈಜಿಪ್ಟಿನವ ಆಗಿದ್ದರೆ ಬರೆಯುತ್ತಿದ್ದಳು. ನಮ್ಮವರು ನಮ್ಮವರೆಂದು ಮಾಡಿಕೊಳ್ಳುವ ಮರ್ಯಾದೆ ಇದು, ಕುತ್ತಿಗೆಗೆ ಬರುವುದು ಇದೇ.

ಕಂಪನಿ ಹೇಳಿದ್ದು ಇಷ್ಟು: ತಪ್ಪು ನನ್ನದೇ, ಮರೆತೆ, ಕ್ಷಮಿಸಿ ಎಂದು ಅವಳು ಮೇಲ್ ಕಳಿಸಬೇಕು, ಭಾನುವಾರ ಆಫೀಸು ತೆರೆದ ಕೂಡಲೇ. ಕಳಿಸಿದರೆ ವಾರ್ನಿಂಗ್. ಅದು ಫೈಲಿನಲ್ಲಿ ಕೂರುತ್ತದೆ, ಇನ್ನೊಮ್ಮೆ ಏನಾದರೂ ಆದರೆ ಮನೆಗೆ. ಕಳಿಸದಿದ್ದರೆ ಈಗಲೇ ಮನೆಗೆ. ಇಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಕಾರ್ಕಳ. ಊರಿನಲ್ಲಿ ಅವಳ ತಮ್ಮ ಇನ್ನೂ ಕಾಲೇಜಿನಲ್ಲಿ ಇದ್ದಾನೆ.

ಇಷ್ಟರಲ್ಲಿ ನನಗೆ ಎಮ್‌ಸಿಯ ಫೋನ್ ಬಂತು.

"ಆಂಟೀ, ಶುಕ್ರವಾರ ಚರ್ಚಿನಲ್ಲಿ ಮಾಸ್ ಮುಗಿಸಿ ಸೀದಾ ನಮ್ಮಲ್ಲಿಗೆ ಊಟಕ್ಕೆ. ಹುಡುಗಿಯನ್ನೂ ಕರಕೊಂಡು ಬನ್ನಿ."

"ಎಂತ ವಿಶೇಷ ಪುತಾ?"

"ವಿಶೇಷ ಎಂತ ಇಲ್ಲ. ನಮ್ಮ ನಮ್ಮೊಳಗೆ ಮುಗಿಸುವ ಅಂತ. ಅವಳಿಗೆ ಸ್ವಲ್ಪ ಹಟ. ನೀವು ಎರಡು ಮಾತು ಹೇಳಿದ್ರೆ ಕೇಳ್ತಾಳೆ. ನೀವು ಸೆನ್ಸಿಬಲ್ ಲೇಡಿ, ನಿಮಗೆ ನಾನು ಹೇಳ್ಲಿಕ್ಕುಂಟಾ?"

ಇದು ನಮ್ಮವರ ಪದ್ಧತಿ. ಆಫೀಸಿನಲ್ಲಿ ನಮ್ಮ ಊರಿನವರಿಬ್ಬರಿಗೆ ಜಗಳವಾದರೆ ಅದು ಎಚ್‌ಆರ್ ತನಕ ಹೋಗಬಾರದು, ಶುಕ್ರವಾರದ ಊಟಕ್ಕೆ ಹೋಗಬೇಕು. ಹಿರಿಯರೊಬ್ಬರು ನಡುವೆ ಕೂತುಕೊಳ್ಳಬೇಕು. ಕೋಳಿ ಸಾರು ಉಂಡ ಮೇಲೆ ಯಾರಿಗೂ ಸಿಟ್ಟು ಉಳಿಯುವುದಿಲ್ಲ ಎಂದು ಲೆಕ್ಕ. ಉಳಿಯುತ್ತದೆ. ಯಾರು ಸಣ್ಣವರೋ ಅವರ ಹೊಟ್ಟೆಯಲ್ಲಿ ಉಳಿಯುತ್ತದೆ.

ಮಗಳೂ ಅದನ್ನೇ ಹೇಳಿದಳು. "ಮಮ್ಮಿ, ಹೋಗಿ ಚಂದದಲ್ಲಿ ಎರಡು ಮಾತು ಹೇಳಿ ಬಾ. ಅವಳ ಕೆಲಸ ಉಳಿಯಬೇಕಲ್ಲ."

ಹುಡುಗಿಯ ಕೆಲಸ ಉಳಿಯಬೇಕು. ಅದು ಸತ್ಯ. ಅದಕ್ಕೇ ನಾನೂ ಒಪ್ಪಿದೆ. ಮೇಲ್ ಕಳಿಸಿ ಬಿಡು ಮಗಾ, ಹಲ್ಲು ಕಚ್ಚಿಕೊಂಡು ಕಳಿಸು, ಎಂದು ಹೇಳಬೇಕೆಂದು ಬುಧವಾರದವರೆಗೂ ಮನಸ್ಸಿನಲ್ಲಿ ಇತ್ತು. ಗುರುವಾರ ಸಂಜೆ ಆ ಕೊನೆಯ ಎಪಿಸೋಡ್ ನೋಡಿದೆ.

ಶುಕ್ರವಾರ ಅವನ ಮನೆ ಘಮಘಮ ಎನ್ನುತ್ತಿತ್ತು. ಅವನ ಹೆಂಡತಿಯ ಕೈಯ ಅಡುಗೆ ಒಳ್ಳೆಯದು. ಸಣ್ಣಾಂ ಇತ್ತು, ಕಳ್ಳು ಹಾಕಿ ಹುಳಿ ಬರಿಸುವ ನಮ್ಮ ಇಡ್ಲಿ. ಇಲ್ಲಿ ಕಳ್ಳು ಎಲ್ಲಿ ಸಿಗಬೇಕು, ಈಸ್ಟ್ ಹಾಕಿದ್ದು, ಆದರೂ ಹತ್ತಿಯ ಹಾಗೆ. ನಮ್ಮ ಹೊರತು ಇನ್ನೊಬ್ಬರೇ ಇದ್ದರು, ಉಳ್ಳಾಲದ ಹಾಜಿಯವರು. ಅವರ ಕುಟುಂಬ ಇಲ್ಲಿ ನೆಲೆಯಾಗಿ ತುಂಬ ಕಾಲವಾಯಿತು. ಅದೇ ಕಂಪನಿಯ ಪಿಆರ್‌ಓ ಅವರು. ವೀಸಾ, ಪಾಸ್ ಎಂದು ಸರಕಾರಿ ಆಫೀಸುಗಳಿಗೆ ತಿರುಗುವ ಕೆಲಸ. ಅರಬ್ಬಿ ಅವರಿಗೆ ಮನೆಮಾತು ಬ್ಯಾರಿಯಷ್ಟೇ ಸಲೀಸು. ಬಸ್ಸು ನಿಂತ ದಿನ ಗೇಟಿಗೆ ಓಡಿ ಹೋದದ್ದು ಅವರೇ. ಎರಡನೆಯ ಹಿರಿಯರು ಎಂದು ಅವರನ್ನು ಕರೆದದ್ದು. ಅವರಿಗೆ ಕೊಂಕಣಿ ಬಾರದು, ಹುಡುಗಿಗೂ ಬಾರದು, ಹಾಗಾಗಿ ಮಾತೆಲ್ಲ ಕನ್ನಡದಲ್ಲಿ.

ಎಮ್‌ಸಿ ಮನೆಯಲ್ಲೂ ಎಮ್‌ಸಿಯೇ. ಒಂದೊಂದು ಪಾತ್ರೆ ಮೇಜಿಗೆ ಬರುವಾಗಲೂ ಅನೌನ್ಸ್ ಮಾಡಿದ. "ನೌ ವೆಲ್‌ಕಮಿಂಗ್, ಆಲ್ ದ ವೇ ಫ್ರಮ್ ಕಿಚನ್, ಚಿಕನ್ ಸುಕ್ಕಾ!" ಹಾಜಿಯವರು ನಕ್ಕರು. ಹೆಂಡತಿ ಅವನ ಬೆನ್ನಿಗೊಂದು ಪೆಟ್ಟು ಕೊಟ್ಟು, "ಸಾಕು, ಕೂತುಕೊಳ್ಳಿ" ಎಂದಳು. ಹುಡುಗಿ ಮಾತ್ರ ಸಣ್ಣಾಂ ಮುರಿದು ಮುರಿದು ಹಾಗೆಯೇ ಬಿಟ್ಟಿದ್ದಳು. ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಅದು ಅವನಿಗೆ ಸಹಿಸಲಿಕ್ಕೆ ಆಗಲಿಲ್ಲ. ನಗದವರನ್ನು ಕಂಡರೆ ಎಮ್‌ಸಿಗಳಿಗೆ ಆಗುವುದಿಲ್ಲ, ಇಡೀ ಹಾಲ್ ನಗುತ್ತಿದ್ದರೂ ಆ ಒಬ್ಬರ ಮೇಲೆಯೇ ಅವರ ಕಣ್ಣು.

"ನೋಡಿ ಹಾಜಿಯವರೇ, ನಮ್ಮ ಮೇಡಮ್ಮಿನ ಮುಖ! ಮೂರು ದಿನದ ಬಂಗುಡೆಯ ಹಾಗೆ. ಆಫೀಸಿನಲ್ಲೂ ಹೀಗೇ. ಇವಳು ಇದ್ದರೆ ನನಗೆ ಅಲಾರ್ಮ್ ಬೇಡ, ಗೊತ್ತುಂಟಾ?" ಎಂದು ಎದ್ದು ನಿಂತ. ತಟ್ಟೆಯ ಪಕ್ಕದ ಟಿಶ್ಯೂ ಬಾಕ್ಸನ್ನು ಫೈಲಿನ ಹಾಗೆ ಎದೆಗೆ ಅವಚಿಕೊಂಡ. ಕುತ್ತಿಗೆ ಸ್ವಲ್ಪ ಓರೆ ಮಾಡಿದ. ಸ್ವರ ಸಪೂರ ಮಾಡಿದ. ದೇವರ ಮೇಲಾಣೆ, ಹುಡುಗಿಯೇ ಎದ್ದು ನಿಂತ ಹಾಗಿತ್ತು.

"ಲಿಫ್ಟಿನಿಂದ ಕಾಲು ಹೊರಗೆ ಇಡ್ಲಿಕ್ಕಿಲ್ಲ, 'ಸಾರ್, ಗೇಟ್ ಪಾಸ್. ಸಾರ್, ಒಂದು ಸೈನ್.' ಟೀ ಕುಡಿಯುವ ಅಂತ ಕಪ್ ಎತ್ತಿದೆ, 'ಸಾರ್, ಗೇಟ್ ಪಾಸ್.' ಬಾಗಿಲು ಹಾಕಿ, ಲೇಡೀಸ್ ಅಂಡ್ ಜೆಂಟಲ್‌ಮೆನ್ ಅಂತ ಪ್ರಾಕ್ಟೀಸಿಗೆ ಬಾಯಿ ತೆರೆದೆ ಮಾರಾಯ್ರೆ, ಬಾಗಿಲ ಸಂದಿಯಲ್ಲಿ ಒಂದು ಮೂಗು! 'ಸಾ...ರ್, ಗೇಟ್ ಪಾ...ಸ್!'"

ಹೆಂಡತಿ ನಕ್ಕಳು. ಹಾಜಿಯವರು ಕೆಮ್ಮು ಬರುವಷ್ಟು ನಕ್ಕರು. ನನ್ನ ಬಾಯಿಯೂ ನಗುವಿಗೆಂದು ತೆರೆದದ್ದು ಹಾಗೆಯೇ ನಿಂತಿತು.

ಹುಡುಗಿ ತಲೆ ಎತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಅವಮಾನದಲ್ಲಿ ಅವಳಿಗೆ ಅವನು ಏನು ಹೇಳಿದನೆಂದೇ ಗೊತ್ತಾಗಿರಲಿಲ್ಲ. ನಕ್ಕವರಿಗೂ ಗೊತ್ತಾಗಿರಲಿಲ್ಲ. ಹೇಳಿದವನಿಗಂತೂ ಇಲ್ಲವೇ ಇಲ್ಲ. ಜನ ನಗುವಾಗ ಎಮ್‌ಸಿಗೆ ತನ್ನ ಮಾತು ಕೇಳಿಸುವುದಿಲ್ಲ.

"ಪುತಾ," ಎಂದೆ ನಾನು, "ಇನ್ನೊಮ್ಮೆ ಮಾಡಿ ತೋರಿಸು."

"ಒನ್ಸ್ ಮೋರ್! ಆಂಟಿ ಒನ್ಸ್ ಮೋರ್ ಹೇಳಿದ್ರು!" ಅವನ ಮುಖ ಅರಳಿತು. ಈ ಸಲ ನಡಿಗೆಯನ್ನೂ ಸೇರಿಸಿದ. ಮೇಜಿನ ಸುತ್ತ ಸಣ್ಣ ಸಣ್ಣ ಹೆಜ್ಜೆ ಹಾಕಿ, ನನ್ನ ಕುರ್ಚಿಯ ಹಿಂದಿನಿಂದ ಬಗ್ಗಿ, "ಸಾರ್, ಗೇಟ್ ಪಾಸ್, ಇವತ್ತಾದ್ರೂ ಸೈನ್ ಮಾಡಿ ಸಾರ್" ಎಂದ. ಹೆಂಡತಿ ನಕ್ಕಳು. ಹಾಜಿಯವರು ಈ ಸಲ ಅರ್ಧ ನಕ್ಕು ನಿಲ್ಲಿಸಿದರು.

"ಇದು ಯಾವಾಗಿನ ಕಥೆ?" ಎಂದು ಕೇಳಿದರು.

"ಅದೇ ಹಾಜಿಯವರೇ, ಪಾಸ್ ಮುಗಿಯುವ ಮುಂಚೆ. ದಿನಾ ಇದೇ ಕಾಟ, ಆ ಇಡೀ ವಾರ..."

ನಿಂತ. ಟಿಶ್ಯೂ ಬಾಕ್ಸ್ ಇನ್ನೂ ಎದೆಯ ಮೇಲಿತ್ತು.

ಹಾಜಿಯವರು ಕೈ ಒರೆಸಿಕೊಂಡರು. ಒಂದೊಂದೇ ಬೆರಳು ಒರೆಸಿದರು. "ಹುಡುಗಿ ಮರೆತಳು ಅಂತ ನೀವು ನನಗೂ ಹೇಳಿದ್ದು. ಅದನ್ನೇ ನಂಬಿ ನಾನೂ ಮೇಲಿನವರಿಗೆ ಹೇಳಿದ್ದು. ಆ ಬಿಸಿಲಲ್ಲಿ ಗೇಟಿನ ಎದುರು ಅವರ ಜೊತೆ ನಿಂತವ ನಾನು. ಬಿದ್ದವನಿಗೆ ನೀರು ಕೊಟ್ಟವ ನಾನು."

"ಅಯ್ಯೋ, ಇದು ಜೋಕ್ ಅಲ್ವಾ? ಸ್ವಲ್ಪ ಮಸಾಲೆ ಹಾಕಿ ಹೇಳುವುದು. ಆಂಟೀ, ನೀವಾದ್ರೂ ಹೇಳಿ. ನೀವು ಸೆನ್ಸಿಬಲ್..."

ಆ ಶಬ್ದ. ಆ ಶಬ್ದ ಅವನು ಬಳಸಬಾರದಿತ್ತು.

ನಾನು ಆ ದಿನ ಏನು ಹೇಳಿದೆ ಎಂದು ಇಲ್ಲಿ ಇದ್ದ ಹಾಗೆ ಬರೆದರೆ ಸಿಸ್ಟರ್ಸ್ ಸಮಾಧಿಯಿಂದ ಎದ್ದು ಬರುತ್ತಾರೆ. ಕೊಂಕಣಿಯಲ್ಲಿ ಬಯ್ಯಲಿಕ್ಕೆ ಒಳ್ಳೊಳ್ಳೆಯ ಮಾತುಗಳು ಉಂಟು, ನಾನು ಅಷ್ಟು ಕಾಲ ಬಳಸದೆ ಇಟ್ಟಿದ್ದೆ. ಕನ್ನಡದಲ್ಲಿ ಹೇಳಿದ್ದು ಇಷ್ಟು: "ಮಸಾಲೆ ಅಲ್ಲ ಪುತಾ, ನೀನು ಸತ್ಯವನ್ನೇ ಚಂದ ಮಾಡಿ ತೋರಿಸಿದೆ. ನಿನ್ನಷ್ಟು ಚಂದ ಅವಳಿಗೂ ಹೇಳ್ಲಿಕ್ಕೆ ಬರುತ್ತಿರಲಿಲ್ಲ. ನಿನ್ನ ಕೆಲಸ ಅವಳು ನೆನಪಿಟ್ಟುಕೊಳ್ಳಬೇಕು, ನಿನ್ನ ಮರೆವನ್ನೂ ಅವಳೇ ಹೊತ್ತುಕೊಳ್ಳಬೇಕು, ಮೇಲಿಂದ ನಿನ್ನ ಜೋಕಿಗೂ ಅವಳೇ ಬೇಕು! ಮತ್ತೆ ನಾನು ಬಂದು, ಸುಮ್ಮನಿರು ಮಗಾ, ಅಂತ ಹೇಳ್ಬೇಕು. ನಿನ್ನ ಸಾರಿನ ಋಣಕ್ಕೆ? ನನ್ನಿಂದಾಗುವುದಿಲ್ಲ."

ಸ್ವರ ಗಟ್ಟಿಯಾಗಿತ್ತು. ನನ್ನ ಸ್ವರ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ.

ಅವನು ನನ್ನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದ. ಈಗ ಎಮ್‌ಸಿಯ ಸ್ವರವಲ್ಲ, ಆಫೀಸಿನದು. "ಆಂಟಿಗೆ ವಯಸ್ಸಾಯ್ತು. ನೀನು ಹೇಳು. ಭಾನುವಾರ ಮೇಲ್ ಕಳಿಸ್ತೀ ಅಲ್ವಾ?"

ಹುಡುಗಿ ಬಾಯಿ ತೆರೆದಳು. ಏನೂ ಬರಲಿಲ್ಲ.

ಅವಳು ಹೇಳಬೇಕಾದ ಪ್ರತಿಯೊಂದು ಮಾತೂ ನನಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲಿತ್ತು. ಕರ್ಟನಿನ ಹಿಂದೆ ನಿಂತು ಕಲಿತ ಅಭ್ಯಾಸ, ತುಟಿ ಆಗಲೇ ಅಲುಗಾಡಲಿಕ್ಕೆ ಶುರುವಾಗಿತ್ತು. ತುಟಿ ಕಚ್ಚಿಕೊಂಡೆ. ನಿಜವಾಗಿ ಕಚ್ಚಿಕೊಂಡೆ, ಸಂಜೆಯವರೆಗೆ ಉರಿಯುತ್ತಿತ್ತು.

"ಇಲ್ಲ ಸಾರ್," ಎಂದಳು ಹುಡುಗಿ. ಸ್ವರ ಒಡೆದಿತ್ತು. "ನಾನು ಮರೆತಿಲ್ಲ. ಮರೆತೆ ಅಂತ ಬರೀಲಿಕ್ಕೆ ನನ್ನಿಂದ ಆಗುವುದಿಲ್ಲ. ಊರಿಗೆ ಕಳಿಸುದಾದ್ರೆ ಕಳಿಸಿ." ಮತ್ತೆ ನನಗೆ ಹೊಳೆದೇ ಇರದ ಮಾತೊಂದನ್ನು ಹೇಳಿದಳು. "ಆ ಬಸ್ಸಿನವರ ಹತ್ರ ನೀವು ಸಾರಿ ಹೇಳಿದ್ರಾ ಸಾರ್? ಯಾರಾದ್ರೂ ಹೇಳಿದ್ರಾ?"

ಆ ಹೊತ್ತಿಗೆ ಅವನ ಹೆಂಡತಿ, ಪಾಪ, ಏನು ಮಾಡಬೇಕೆಂದು ತಿಳಿಯದೆ ಕಿಚನಿನಿಂದ ಕ್ಯಾರಮೆಲ್ ಪುಡ್ಡಿಂಗ್ ತಂದಿಟ್ಟಳು. ಅಭ್ಯಾಸದಲ್ಲಿ ಚಾಕು ನನ್ನ ಕಡೆಗೆ ಚಾಚಿದಳು. ಯಾರ ಮನೆಯ ಊಟವಾದರೂ ಕತ್ತರಿಸಿ ಕೊಡುವವಳು ನಾನೇ. "ಆಂಟೀ, ನೀವೇ ಕತ್ತರಿಸಿ. ನಿಮ್ಮ ಕೈಯಲ್ಲಿ ಸಮ ಬರ್ತದೆ."

ಕತ್ತರಿಸಿದೆ. ದೊಡ್ಡ ತುಂಡು ಹುಡುಗಿಗೆ. ಅಷ್ಟೇ ದೊಡ್ಡದು ನನಗೆ. ಚಾಕುವನ್ನು ಟ್ರೇಯಲ್ಲಿಟ್ಟು ಕೂತು ತಿಂದೆ. ಬೇಕಾದವರು ಹಾಕಿಕೊಳ್ಳಲಿ. ಪುಡ್ಡಿಂಗ್ ಚೆನ್ನಾಗಿತ್ತು, ತಳ ಸ್ವಲ್ಪ ಕಹಿ, ಇರಬೇಕಾದಷ್ಟೇ. ಹುಡುಗಿ ಅಳುತ್ತಾ ತಿಂದಳು, ಆದರೆ ತಿಂದಳು.

ಲಿಫ್ಟಿನ ತನಕ ಬಂದವರು ಹಾಜಿಯವರು ಮಾತ್ರ. "ಭಾನುವಾರ ನಾನೇ ಹೋಗಿ ಹೇಳ್ತೇನೆ, ನಾನು ತಪ್ಪು ಹೇಳಿದ್ದೆ ಅಂತ. ಬಾಕಿ ಅಲ್ಲಾಹನಿಗೆ ಬಿಟ್ಟದ್ದು" ಎಂದರು. ಹೇಳುತ್ತಾರೋ ಇಲ್ಲವೋ ಎಂದು ಶನಿವಾರ ಇಡೀ ನಾವು ಮೂವರು ಮನೆಯೊಳಗೆ ಅತ್ತಿತ್ತ ತಿರುಗಿದೆವು. ಮಗಳು ನನ್ನ ಮೇಲೆ ಕೋಪ ಮಾಡಿಕೊಂಡಿದ್ದಳು. "ಅವಳ ಕೆಲಸ ಹೋದ್ರೆ ನೀನು ಕೊಡ್ತೀಯಾ ಮಮ್ಮಿ?" ಎಂದಳು.

ಹಾಜಿಯವರು ಹೇಳಿದರು. ಹುಡುಗಿಯ ಕೆಲಸ ಉಳಿಯಿತು. ಮೇಲಿನವರು ಆ ಮೇಲ್ ಇನ್ನು ಬೇಡ ಎಂದರಂತೆ, ಅಷ್ಟೇ. ಸಾರಿ ಎಂದು ಯಾರೂ ಅವಳಿಗೆ ಹೇಳಲಿಲ್ಲ. ಬಸ್ಸಿನವರಿಗೂ ಹೇಳಲಿಲ್ಲ. ಮ್ಯಾನೇಜರ್ ಮ್ಯಾನೇಜರೇ. ಮುಂದಿನ ಫಂಕ್ಷನ್ನಿಗೂ ಮೈಕ್ ಅವನಿಗೇ ಎಂದು ಅಸೋಸಿಯೇಶನಿನವರು ಆಗಲೇ ಹೇಳಿಯಾಗಿದೆ. ಆ ಮಂಗಳವಾರವೇ ಅವನು ಅವಳ ಮೇಜಿನ ಹತ್ತಿರ ಬಂದು, ಮುಖ ನೋಡದೆ, "ಇನ್ನೊಂದು ಬ್ಯಾಚಿನ ಪಾಸ್ ಉಂಟು, ನೆನಪು ಮಾಡು" ಎಂದನಂತೆ.

"ನೀನೆಂತ ಹೇಳಿದ್ದು?" ಎಂದು ಕೇಳಿದೆ.

"ಮೇಲ್ ಹಾಕ್ತೇನೆ ಸಾರ್, ಹಾಜಿಯವರಿಗೂ ಕಾಪಿ ಇಡ್ತೇನೆ ಅಂದೆ."

"ಅವನು?"

"ನಗಲಿಲ್ಲ."

ನನಗೆ ಸಿಟ್ಟು ಇನ್ನೂ ಹೋಗಿಲ್ಲ. ಹೋಗುವ ಲಕ್ಷಣವೂ ಇಲ್ಲ. ಬೆಳಿಗ್ಗೆ ಚಹಾ ಮಾಡುವಾಗ ಬರುತ್ತದೆ. ಕಿಟಕಿಯಿಂದ ಕೆಲಸಗಾರರ ಬಸ್ಸು ಕಂಡರೆ ಬರುತ್ತದೆ. ತೀರಿಹೋದ ಆ ಇಂಗ್ಲಿಷಿನವನ ಚಾಕೊಲೇಟ್ ಟಿನ್ ಒಂದು ಇನ್ನೂ ನನ್ನ ಹತ್ತಿರ ಇತ್ತು, ಸೂಜಿ ನೂಲು ಹಾಕಿಡಲಿಕ್ಕೆ. ಅದನ್ನೂ ಕಸಕ್ಕೆ ಹಾಕಿದೆ. ಆಮೇಲೆ ಸೂಜಿ ಎಲ್ಲಿಡಬೇಕೆಂದು ತಿಳಿಯದೆ ಅದಕ್ಕೂ ಸಿಟ್ಟು ಬಂತು.

ಗುರುವಾರ ಸಂಜೆ ಹುಡುಗಿ ಸ್ನಾನ ಮಾಡಿ ಬಂದು, ಒದ್ದೆ ಕೂದಲಲ್ಲೇ ಸೋಫಾದ ಮೇಲೆ ಕೂತು ರಿಮೋಟ್ ಎತ್ತಿಕೊಂಡಳು.

"ಆಂಟೀ, ಹೊಸ ಸೀರಿಯಲ್ ಹಾಕ್ಲಾ?"

"ಹಾಕು. ಕಾರ್ಡಿಗನ್ ಹಾಕಿದವಳು ಯಾರಾದ್ರೂ ಕಂಡರೆ ಅಲ್ಲೇ ಬಂದ್ ಮಾಡು."